ವಾರಂಟಿ ಇದೆ, ರಿಪೇರಿ ಮಾತ್ರ ಇಲ್ಲ: ಕಂಪ್ಯೂಟರ್ ಕಂಪನಿಗಳ ಕಸ್ಟಮರ್ ಕೇರ್ ಜೊತೆ ನಿಮ್ಮ ಅನುಭವ ಏನು?

ಶಿರಸಿ ಡಿಟಿಪಿ

ನಮಸ್ಕಾರ ಎಲ್ಲರಿಗೂ. ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಇಂಥದ್ದೇ ಕೆಲಸ. ಲ್ಯಾಪ್‌ಟಾಪ್ ತಗೊಂಡಾಗ ಮೂರು ವರ್ಷದ ಆನ್‌ಸೈಟ್ ವಾರಂಟಿಗೆ ಅಂತಲೇ ಬೇರೆ ದುಡ್ಡು ಕೊಟ್ಟಿದ್ದೆ. ಅಂದರೆ ಕೆಟ್ಟರೆ ಎಂಜಿನಿಯರೇ ಇಲ್ಲಿಗೆ ಬಂದು ಸರಿಮಾಡಬೇಕು. ಕಂಪನಿ ಹೆಸರು ಬೇಡ ಬಿಡಿ. ಯಾರನ್ನು ಕೇಳಿದರೂ ಕಥೆ ಒಂದೇ.

ತೊಂದರೆ ಇಷ್ಟು. ಕೆಲಸದ ಮಧ್ಯೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತದೆ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಕೀಬೋರ್ಡ್ ಲೈಟೂ ಇರುತ್ತದೆ. ಎಚ್‌ಡಿಎಂಐ ಹಾಕಿ ಬೇರೆ ಮಾನಿಟರಿಗೆ ಕೊಟ್ಟರೂ ಕಪ್ಪೇ. ಅಂದಮೇಲೆ ಇದು ಡಿಸ್‌ಪ್ಲೇ ಅಲ್ಲ, ಒಳಗೇ ಏನೋ ಆಗಿದೆ ಅಂತ ನನಗೇ ಗೊತ್ತಾಗುತ್ತದೆ. ಫೋನಿನಲ್ಲಿ ಮಾತ್ರ ಪ್ರತಿ ಸಲವೂ ಹೊಸಬರು ಸಿಗುತ್ತಾರೆ, ಪ್ರತಿ ಸಲವೂ ಸೀರಿಯಲ್ ನಂಬರಿನಿಂದ ಶುರು. ಒಬ್ಬರು ಡ್ರೈವರ್ ಅಂದರು, ಇನ್ನೊಬ್ಬರು ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಒಳಗಿನ ಪ್ರೋಗ್ರಾಂ) ಅಂದರು, ಕೊನೆಗೆ ವಿಂಡೋಸ್ ಹೊಸದಾಗಿ ಹಾಕಿ ಅಂದರು. ಹಾಕಿದೆ. ನುಡಿ, ಕೋರೆಲ್, ಪ್ರಿಂಟರ್, ಇದ್ದಬದ್ದ ಫಾಂಟು ಎಲ್ಲಾ ಮತ್ತೆ ಕೂರಿಸಿದೆ. ಮಾರನೇ ದಿನ ಮತ್ತೆ ಕಪ್ಪು.

ಆಮೇಲೆ ಹೊರಗೆ ಬಂತು ಅಸಲು ವಿಷಯ. "ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಇಲ್ಲ ಸರ್, ಹುಬ್ಬಳ್ಳಿಗೆ ತನ್ನಿ." ಇಲ್ಲಿಂದ ಹುಬ್ಬಳ್ಳಿ ಹತ್ತಿರ ಹತ್ತಿರ ನೂರು ಕಿಲೋಮೀಟರು. ಅಂಗಡಿ ಮುಚ್ಚಿ ಹೋದೆ. ಸ್ವಲ್ಪ ಹೊತ್ತು ಆನ್ ಮಾಡಿಟ್ಟು ನೋಡಿದರು. ಅಲ್ಲಿ ಅದು ಕಪ್ಪಾಗಲಿಲ್ಲ. "ಸರಿಯಾಗೇ ಇದೆ" ಅಂತ ಕೈಗೆ ಕೊಟ್ಟರು. ವಾಪಸ್ ಬಸ್ಸಿನಲ್ಲಿ ಇರುವಾಗಲೇ ಎಸ್‌ಎಂಎಸ್: ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಇಂಥದ್ದನ್ನು ದಾಟಿ ಬಂದವರು ಇದ್ದರೆ ಹೇಳಿ. ಮುಂದೆ ಯಾರನ್ನು ಹಿಡಿಯಬೇಕು?

ಪುತ್ತೂರು ಪ್ರೆಸ್

ನಿಮ್ಮದು ಪರವಾಗಿಲ್ಲ ಮಾರಾಯ್ರೆ. ತಪ್ಪು ನಿಮ್ಮದೇ ಅಂತ ಹೇಳಲಿಲ್ಲವಲ್ಲ!

ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿರಲಿಲ್ಲ. ಮಂಗಳೂರಿಗೆ ಕೊಂಡುಹೋಗಿ ಕೊಟ್ಟೆ. ಕೆಲವು ದಿನ ಬಿಟ್ಟು ಫೋನ್ ಬಂತು. ಒಳಗೆ ನೀರು ಹೋಗಿದೆ, ವಾರಂಟಿ ಸಿಗುವುದಿಲ್ಲ, ಬೋರ್ಡ್ ಬದಲಿಸಬೇಕು. ರೇಟು ಕೇಳಿದರೆ ಹೊಸ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಜಾಸ್ತಿ. ನೀರು ಎಲ್ಲಿಂದ ಹೋಗುವುದು? ಫೋಟೋ ಕಳಿಸಿ ಅಂದೆ. ಚಾರ್ಜಿಂಗ್ ಪೋರ್ಟಿನ ಹತ್ತಿರ ಒಂದಿಷ್ಟು ಹಸಿರು ಕಿಲುಬು, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ತಾಮ್ರಕ್ಕೆ ಕಿಲುಬು ಹಿಡಿಯದೆ ಇರುತ್ತದಾ? ಕರಾವಳಿಯಲ್ಲಿ ಮಾರುವಾಗ ಇಲ್ಲಿನ ಹವೆ ಇವರಿಗೆ ಗೊತ್ತಿರಲಿಲ್ಲವಾ?

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಹೋದರಂತೂ ಬಾಯಿ ಬಿಡುವುದೇ ಬೇಡ. ಸಿಡಿಲು, ವೋಲ್ಟೇಜ್ ಏರಿಳಿತ ಎಲ್ಲಾ ವಾರಂಟಿ ಷರತ್ತಿನಲ್ಲೇ ಹೊರಗೆ ಇಟ್ಟಿರುತ್ತಾರೆ.

ರಾತ್ರಿಪಾಳಿ

ನಾನು ಫೋನಿನ ಆ ಕಡೆ ಕೂತಿದ್ದವನು. 2000ದ ದಶಕದ ಶುರುವಿನಲ್ಲಿ, ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ, ಅಮೆರಿಕದ ಗಿರಾಕಿಗಳ ಕಂಪ್ಯೂಟರಿಗೆ ಸಪೋರ್ಟ್. ಸಂಜೆ ಮನೆ ಮುಂದೆ ಸುಮೋ ಬರುತ್ತಿತ್ತು. ಬೆಳಿಗ್ಗೆ ಹಾಲಿನವರು ಬರುವ ಹೊತ್ತಿಗೆ ವಾಪಸ್ ಬಿಡುತ್ತಿತ್ತು. ಅದಕ್ಕೇ ಒಂದೆರಡು ಮಾತು.

ವಿಂಡೋಸ್ ಹೊಸದಾಗಿ ಹಾಕಿ ಅಂತ ಯಾಕೆ ಹೇಳುತ್ತಾರೆ ಗೊತ್ತಾ? ನಮ್ಮನ್ನು ಅಳೆಯುತ್ತಿದ್ದ ರೀತಿಯೇ ಹಾಗಿತ್ತು. ಒಂದು ಕರೆಗೆ ಸರಾಸರಿ ಎಷ್ಟು ನಿಮಿಷ, ನೂರು ಕರೆಗೆ ಎಷ್ಟು ಪಾರ್ಟ್ ಕಳಿಸಿದಿರಿ, ಅದೇ ಗಿರಾಕಿ ಮತ್ತೆ ಫೋನ್ ಮಾಡಿದರಾ, ಹೀಗೆ. ಮದರ್‌ಬೋರ್ಡ್ ಕಳಿಸಿದರೆ ಖರ್ಚು ಕಂಪನಿಗೆ. ಕಳಿಸಿದ ಬೋರ್ಡಿನಿಂದ ಸರಿಹೋಗದಿದ್ದರೆ ಪೆಟ್ಟು ನನಗೆ. ವಿಂಡೋಸ್ ಹಾಕಿ ಅಂದರೆ ಖರ್ಚು ಗಿರಾಕಿಯ ಸಮಯ. ಅದಕ್ಕೆ ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತು ಯಾರೂ ಲೈನಿನಲ್ಲಿ ಕಾಯುವುದಿಲ್ಲ. ಅಲ್ಲಿಗೆ ಕರೆ ಮುಗಿಯಿತು. ಸರಿಹೋಗಲಿಲ್ಲ ಅಂತ ಅವರು ಮತ್ತೆ ಮಾಡಿದರೆ ಬೇರೆ ಯಾರದೋ ಹೆಡ್‌ಸೆಟ್ಟಿಗೆ ಹೋಗುತ್ತದೆ. ನಮ್ಮಲ್ಲಿ ಒಳ್ಳೆಯ ಹುಡುಗರಿದ್ದರು, ಹುಡುಗಿಯರಿದ್ದರು. ಶಬ್ದ ಕೇಳಿಯೇ ಹಾರ್ಡ್‌ಡಿಸ್ಕ್ ಹೋಗಿದೆ ಅಂತ ಹೇಳುವವರು. ಹಾಗೆ ಹೇಳಿ ಪಾರ್ಟ್ ಕಳಿಸಿದವರ ಅಂಕ ತಿಂಗಳ ಕೊನೆಗೆ ಕಡಿಮೆಯಾಗುತ್ತಿತ್ತು.

ಇದು ಪೇಪರಿನಲ್ಲೇ ಬಂದ ವಿಷಯ: ಡೆಲ್ ಬೆಂಗಳೂರಿನಲ್ಲಿ ಕಾಲ್ ಸೆಂಟರ್ ತೆರೆದಿದ್ದು 2001ರಲ್ಲಿ. 2003ರ ನವೆಂಬರಿನಲ್ಲಿ ಆಪ್ಟಿಪ್ಲೆಕ್ಸ್ ಡೆಸ್ಕ್‌ಟಾಪ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್ ಬಳಸುವ ಕಾರ್ಪೊರೇಟ್ ಗಿರಾಕಿಗಳ ಕರೆಗಳನ್ನು ವಾಪಸ್ ಅಮೆರಿಕಕ್ಕೆ ತಿರುಗಿಸಿತು. ಮಾತು ಅರ್ಥವಾಗುವುದಿಲ್ಲ, ಬರೆದಿಟ್ಟದ್ದನ್ನೇ ಓದುತ್ತಾರೆ ಅಂತ ಅವರ ದೂರು. ಮನೆ ಬಳಕೆಯವರ ಕರೆಗಳು ಮಾತ್ರ ಇಲ್ಲೇ ಉಳಿದವು. ದೊಡ್ಡ ಗಿರಾಕಿ ಕೂಗಿದರೆ ಲೈನು ಬದಲಾಗುತ್ತದೆ, ಒಂದು ಲ್ಯಾಪ್‌ಟಾಪಿನವರು ಕೂಗಿದರೆ ಟಿಕೆಟ್ ನಂಬರ್ ಬದಲಾಗುತ್ತದೆ. ಇನ್ನು ನಮ್ಮ ಉಚ್ಚಾರಣೆಯನ್ನು ಬೈಯುವುದು ಸುಲಭ. ನಾವು ಓದುತ್ತಿದ್ದ ಸ್ಕ್ರಿಪ್ಟ್ ಬೆಂಗಳೂರಿನಲ್ಲಿ ಬರೆದದ್ದಲ್ಲ.

ಶಿರಸಿ ಸರ್, ಫೋನ್ ಮಾಡುವುದನ್ನು ನಿಲ್ಲಿಸಿ. ಇನ್ನು ಏನಿದ್ದರೂ ಮೇಲ್. ಹಳೇ ಕೇಸ್ ನಂಬರುಗಳನ್ನೆಲ್ಲಾ ಒಂದೇ ಮೇಲ್‌ನಲ್ಲಿ ಸಾಲಾಗಿ ಬರೆಯಿರಿ. ಬೇರೆ ಮಾನಿಟರಿನಲ್ಲೂ ಕಪ್ಪು, ವಿಂಡೋಸ್ ಹಾಕಿ ಆಯಿತು, ಬಯಾಸ್ ಅಪ್‌ಡೇಟ್ ಆಯಿತು ಅಂತ ಬಿಡಿಬಿಡಿಯಾಗಿ ಹೇಳಿ. ಕಪ್ಪಾದ ಕೂಡಲೇ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ, ಫ್ಯಾನಿನ ಸದ್ದು ಕೇಳಬೇಕು, ಅಡಿಯ ಸೀರಿಯಲ್ ನಂಬರ್ ಕಾಣಬೇಕು. ಆಮೇಲೆ ಕಂಪ್ಯೂಟರಿನ ಒಳಗೇ ಇರುವ ಡಯಾಗ್ನೋಸ್ಟಿಕ್ಸ್ ಓಡಿಸಿ. ಡೆಲ್ ಆದರೆ ಆನ್ ಆಗುವಾಗ ಎಫ್12, ಎಚ್‌ಪಿ ಆದರೆ ಎಫ್2. ಅದು ವಿಂಡೋಸ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಎರರ್ ಕೋಡ್ ಬಂದರೆ ಸ್ಕ್ರಿಪ್ಟಿನ ಅರ್ಧ ಪುಟ ಹಾರಿಸಿ ನೇರ ಪಾರ್ಟಿಗೆ ಬರುತ್ತಾರೆ. ಬರದಿದ್ದರೆ ವಿಡಿಯೋನೇ ಗತಿ.

ಹುಬ್ಬಳ್ಳಿ ಟ್ಯಾಲಿ

ರಾತ್ರಿಪಾಳಿಯವರೇ, ನೀವು ಹೇಳಿದ್ದು ಓದಿ ಸಿಟ್ಟೂ ಬಂತು, ಅರ್ಥವೂ ಆಯಿತು ನೋಡ್ರಿ.

ನಮ್ಮದು ಅಕೌಂಟ್ಸ್ ಆಫೀಸು. ಪ್ರತಿ ತಿಂಗಳು 20ನೇ ತಾರೀಖು ಬಂದರೆ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸುವ ಗಲಾಟೆ. ಅದರ ಹಿಂದಿನ ವಾರವೇ ಒಂದು ಮಷೀನ್ ಬೂಟ್ ಆಗಲಿಲ್ಲ. ಚಾಟ್‌ನಲ್ಲಿ ಸಿಕ್ಕವರು ರಿಕವರಿ ಒತ್ತಿ ಅಂದರು. ಫೈಲ್ ಉಳಿಯುತ್ತವಾ ಅಂತ ನಮ್ಮ ಹುಡುಗಿ ಕೇಳಿದ್ದಾಳೆ. "ಸಿಸ್ಟಮ್ ಮೊದಲಿನ ಸ್ಥಿತಿಗೆ ಬರುತ್ತದೆ" ಅಂದಿದ್ದಾರೆ. ಸುಳ್ಳೇನಲ್ಲ, ಅಂಗಡಿಯಿಂದ ತಂದ ದಿನದ ಸ್ಥಿತಿಗೇ ಬಂತು! ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇತ್ತು, ಬದುಕಿದೆವು. ದೂರು ಕೊಟ್ಟರೆ ಷರತ್ತು ಕಳಿಸಿದರು: ಡೇಟಾ ಗಿರಾಕಿಯ ಜವಾಬ್ದಾರಿ. ಎಲ್ಲಾ ಕಂಪನಿಯ ಷರತ್ತಿನಲ್ಲೂ ಈ ಸಾಲು ಇರುತ್ತದೆ ಅಂತ ಆಮೇಲೆ ಓದಿ ತಿಳಿದೆ. ಆ ಚಾಟ್ ಅನ್ನು ಮಾತ್ರ ಸೇವ್ ಮಾಡಿಟ್ಟಿದ್ದೇನೆ.

ಇನ್ನೊಂದು ವಿಚಿತ್ರ. ನಮ್ಮ ಇನ್ನೊಂದು ಲ್ಯಾಪ್‌ಟಾಪಿನ ವಾರಂಟಿ ಬಿಲ್ ತಾರೀಖಿಗಿಂತ ಎಷ್ಟೋ ಮೊದಲೇ ಶುರುವಾಗಿತ್ತು ಅಂತ ವೆಬ್‌ಸೈಟ್ ತೋರಿಸುತ್ತಿತ್ತು. ಡೀಲರ್ ಕೈಗೆ ಮಾಲು ಹೋದ ದಿನದಿಂದ ಎಣಿಸಿದ್ದರು. ಬಿಲ್ ಮೇಲ್ ಮಾಡಿದ ಮೇಲೆ ತಿದ್ದಿದರು. ಹೊಸದು ತಗೊಂಡವರು ಇವತ್ತೇ ಒಮ್ಮೆ ನೋಡಿಕೊಳ್ಳಿ.

ನಿರ್ವಾಹಕರು

ಇಲ್ಲಿ ಒಬ್ಬರು "ಕಸ್ಟಮರ್ ಕೇರ್ ನಂಬರ್" ಅಂತ ಒಂದು ಮೊಬೈಲ್ ನಂಬರ್ ಹಾಕಿದ್ದರು. ತೆಗೆದಿದ್ದೇವೆ. ಸರ್ಚ್‌ನಲ್ಲಿ ಮೇಲೆ ಕಾಣುವ ನಂಬರುಗಳಲ್ಲಿ ನಕಲಿ ಬಹಳ ಇರುತ್ತವೆ. ಎನಿಡೆಸ್ಕ್ (ದೂರದಿಂದಲೇ ನಿಮ್ಮ ಮಷೀನ್ ನಡೆಸುವ ಆ್ಯಪ್) ಹಾಕಿ, ಹತ್ತು ರೂಪಾಯಿ ರಿಜಿಸ್ಟ್ರೇಶನ್ ಕಟ್ಟಿ ಅಂದರೆ ಫೋನ್ ಇಡಿ. ಸಪೋರ್ಟ್ ನಂಬರನ್ನು ವಾರಂಟಿ ಕಾರ್ಡಿನಿಂದ ಅಥವಾ ಕಂಪನಿಯ ಸ್ವಂತ ಸೈಟಿನಿಂದ ಮಾತ್ರ ತಗೊಳ್ಳಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಬೆಂಚ್ ಹುಡುಗ

ಎಲ್ಲರೂ ಬೈದಾಯಿತು, ಈಗ ನಾನು. ಅಥರೈಸ್ಡ್ ಸರ್ವಿಸ್ ಸೆಂಟರಿನಲ್ಲಿ ಎಂಜಿನಿಯರ್ ನಾನು. ಊರು, ಕಂಪನಿ ಕೇಳಬೇಡಿ.

ಮೊದಲು ಒಂದು ವಿಷಯ. ಬೋರ್ಡಿನ ಮೇಲೆ ಆ ಕಂಪನಿಯ ಹೆಸರಿದ್ದರೂ ಸರ್ವಿಸ್ ಸೆಂಟರ್ ಬಹಳ ಕಡೆ ಆ ಕಂಪನಿಯದ್ದಲ್ಲ. ಬೇರೆಯವರು ಗುತ್ತಿಗೆ ತಗೊಂಡು ನಡೆಸುತ್ತಾರೆ. ನಮಗೆ ದುಡ್ಡು ಬರುವುದು ಕಾಲ್ ಲೆಕ್ಕದಲ್ಲಿ. ವಾರಂಟಿ ಪಾರ್ಟ್ ನಮ್ಮ ಕಪಾಟಿನಲ್ಲಿ ಇರುವುದಿಲ್ಲ. ಕಂಪನಿಯ ಪೋರ್ಟಲ್‌ನಲ್ಲಿ ಕೇಳಬೇಕು, ಅವರು ಒಪ್ಪಿದ ಮೇಲೆ ಗೋಡೌನಿನಿಂದ ಬರಬೇಕು, ಕೆಟ್ಟ ಪಾರ್ಟ್ ವಾಪಸ್ ಕಳಿಸಬೇಕು. ಕಳಿಸಿದ ಪಾರ್ಟ್‌ನಲ್ಲಿ ದೋಷ ಇಲ್ಲ ಅಂತ ಅಲ್ಲಿ ಕಂಡುಬಂದರೆ ನಮ್ಮ ತಲೆ ಮೇಲೆ. ಹಾಗಾಗಿ ಶಿರಸಿಯವರ ಹಾಗೆ ಆಗಾಗ ಬಂದು ಹೋಗುವ ತೊಂದರೆ ಅಂದರೆ ನಮಗೆ ಭಯ. ಕಣ್ಣ ಮುಂದೆ ಕಪ್ಪಾಗದೆ ನಾನು ಬೋರ್ಡ್ ಕೇಳಿದರೆ ತಿರಸ್ಕಾರ ಆಗುತ್ತದೆ.

ಇನ್ನು ಸಿಐಡಿ. ಪುತ್ತೂರಿನವರಿಗೆ ಹಾಕಿದ್ದು ಅದೇ, ಗಿರಾಕಿಯಿಂದ ಆದ ಹಾನಿ ಅಂತ ಅರ್ಥ. ಅದನ್ನು ಬಹಳ ಸಲ ತೀರ್ಮಾನ ಮಾಡುವುದು ನಾವಲ್ಲ. ಫೋಟೋ ತೆಗೆದು ಹಾಕುತ್ತೇವೆ, ಎಲ್ಲೋ ಕೂತವರು ನೋಡಿ ಹೂಂ ಅಥವಾ ಉಹೂಂ ಅನ್ನುತ್ತಾರೆ. ತೇವಕ್ಕೆ ಬಂದ ಕಿಲುಬು, ಕಾಫಿ ಚೆಲ್ಲಿ ಬಂದ ಕಲೆ, ಎರಡೂ ಫೋಟೋದಲ್ಲಿ ಒಂದೇ ಥರ ಕಾಣಬಹುದು. ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ನಮ್ಮ ಅಭಿಪ್ರಾಯ ಬರೆಯಲು ಆ ಫಾರಂನಲ್ಲಿ ಜಾಗ ಕಡಿಮೆ.

ನಿಮ್ಮ ಕೈಯಲ್ಲಿ ಇರುವುದು ಜಾಬ್‌ಶೀಟ್. ಮಷೀನ್ ಕೊಡುವಾಗಲೇ ನಾಲ್ಕೂ ಕಡೆ, ಪೋರ್ಟು, ಹಿಂಜ್, ಸ್ಕ್ರೂಗಳ ಫೋಟೋ ತೆಗೆಯಿರಿ. ಜಾಬ್‌ಶೀಟ್‌ನಲ್ಲಿ "ಹೊರಗೆ ಹಾನಿ ಇಲ್ಲ" ಅಂತ ಬರೆಸಿ. ದೂರಿನ ಜಾಗದಲ್ಲಿ "ನೋ ಡಿಸ್‌ಪ್ಲೇ" ಅಂತ ಒಂದೇ ಪದ ಬರೆದರೆ ಒಪ್ಪಬೇಡಿ. "ಆಗಾಗ ಕಪ್ಪಾಗುತ್ತದೆ, ಹೊರಗಿನ ಮಾನಿಟರಿನಲ್ಲೂ, ವಿಡಿಯೋ ಇದೆ" ಅಂತ ಬರೆಸಿ. ಒಂದು ದಿನ ನಮ್ಮಲ್ಲಿ ಓಡಿಸಿಟ್ಟು ನೋಡಿ ಅಂತ ಕೇಳುವ ಹಕ್ಕು ನಿಮಗಿದೆ. ಎದುರಿಗೆ ನಿಂತು ಕಾದವರಿಗೆ ನಾವೂ ಸುಮ್ನೆ ಹತ್ತು ನಿಮಿಷ ನೋಡಿ ಕೊಟ್ಟುಬಿಡುತ್ತೇವೆ, ಅದು ನಿಜ.

ಪುತ್ತೂರು ಪ್ರೆಸ್

ನೀವು ಪಾಪದವರು, ಒಪ್ಪಿದೆ. ಆದರೆ ಫೋಟೋ ನೋಡಿ ಉಹೂಂ ಅನ್ನುವ ಆ ಮಹಾಶಯರ ಮೇಲ್ ಐಡಿ ನಮಗೆ ಯಾಕೆ ಸಿಗುವುದಿಲ್ಲ? ತೀರ್ಮಾನ ಮಾಡುವವರು ಮಾತಾಡುವುದಿಲ್ಲ, ಮಾತಾಡುವವರಿಗೆ ತೀರ್ಮಾನದ ಅಧಿಕಾರ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಹಳೇ ಪೆಂಟಿಯಂ

ಇದು ಇವತ್ತಿನ ರೋಗ ಅಲ್ಲ. 1994ರಲ್ಲಿ ಅಮೆರಿಕದ ವರ್ಜೀನಿಯಾದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್‌ಲಿ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪು ಉತ್ತರ ಕೊಡುತ್ತದೆ ಅಂತ ಕಂಡುಹಿಡಿದರು. ಇಂಟೆಲ್ ಮೊದಲು ಏನಂತು? ನಿಮ್ಮ ಕೆಲಸಕ್ಕೆ ಇದರಿಂದ ತೊಂದರೆ ಆಗುತ್ತದೆ ಅಂತ ತೋರಿಸಿ, ಆಗ ಬದಲಿಸುತ್ತೇವೆ. ಜನ ರೊಚ್ಚಿಗೆದ್ದರು. ಡಿಸೆಂಬರ್ 20ರಂದು ಮಾತು ಬದಲಾಯಿತು, ಕೇಳಿದವರಿಗೆಲ್ಲಾ ಹೊಸ ಚಿಪ್. ಅದಕ್ಕೆ 47.5 ಕೋಟಿ ಡಾಲರ್ ಎತ್ತಿಡಬೇಕಾಯಿತು.

ನನಗೆ ಇದಕ್ಕಿಂತ ಇಷ್ಟವಾದ ಕಥೆ ಕೆಪಾಸಿಟರಿನದ್ದು. 2000ದ ದಶಕದ ಮೊದಲ ಭಾಗದಲ್ಲಿ ಉಬ್ಬಿ ಸೋರುವ ಕೆಟ್ಟ ಕೆಪಾಸಿಟರುಗಳು ಎಷ್ಟೋ ಕಂಪನಿಗಳ ಮದರ್‌ಬೋರ್ಡಿಗೆ ಹೊಕ್ಕವು. ಡೆಲ್‌ನ ಆಪ್ಟಿಪ್ಲೆಕ್ಸ್‌ಗೂ ಬಂದವು. ಟೆಕ್ಸಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಈ ಮಷೀನ್‌ಗಳು ಕೆಟ್ಟಾಗ ಕಂಪನಿ ಕಡೆಯವರು ಕೊಟ್ಟ ಕಾರಣ: ನೀವು ಬಹಳ ಕಷ್ಟದ ಲೆಕ್ಕ ಮಾಡಿಸಿದ್ದೀರಿ, ಅದಕ್ಕೇ ಹೀಗಾಯಿತು! ಜೋಕ್ ಅಲ್ಲ. ಒಂದು ಮೊಕದ್ದಮೆಯ ಕಾಗದಪತ್ರ 2010ರಲ್ಲಿ ಹೊರಗೆ ಬಂದಾಗ ಅಮೆರಿಕದ ಪತ್ರಿಕೆಗಳು ಬರೆದವು. 2003ರ ಮೇಯಿಂದ 2005ರ ಜುಲೈವರೆಗೆ ಈ ಅಪಾಯ ಇದ್ದ 1.18 ಕೋಟಿ ಕಂಪ್ಯೂಟರುಗಳು ಮಾರಾಟವಾಗಿದ್ದವು. ಈ ಕೇಸಿನಲ್ಲಿ ಕಂಪನಿಯ ಪರ ವಾದಿಸುತ್ತಿದ್ದ ವಕೀಲರ ಆಫೀಸಿನ ಕಂಪ್ಯೂಟರುಗಳೂ ಕೆಟ್ಟಿದ್ದವಂತೆ. ಕಂಪನಿಗೆ 2005ರಲ್ಲಿ ಆದ ಖರ್ಚು 30 ಕೋಟಿ ಡಾಲರ್.

ಇತ್ತೀಚಿನದು ಬೇಕಾದರೆ, ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್. ಗೇಮ್ ಆಡುವವರಿಗೆ "ವಿಡಿಯೋ ಮೆಮೊರಿ ಸಾಲದು" ಅಂತ ಎರರ್ ಬರುತ್ತಿತ್ತು. ಎಲ್ಲರೂ ಗ್ರಾಫಿಕ್ಸ್ ಕಾರ್ಡಿನ ಹಿಂದೆ ಬಿದ್ದರು. ಕೊನೆಗೆ ಪ್ರೊಸೆಸರಿಗೇ ಜಾಸ್ತಿ ವೋಲ್ಟೇಜ್ ಹೋಗಿ ಅದು ಸವೆಯುತ್ತಿದೆ ಅಂತ ಗೊತ್ತಾಯಿತು. 2024ರ ಆಗಸ್ಟ್‌ನಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ನಿಮ್ಮಲ್ಲಿ ಯಾರ ಹತ್ತಿರವಾದರೂ ಆ ಚಿಪ್ ಇದ್ದರೆ, ಬಾಕ್ಸ್‌ನಲ್ಲಿ ಬಿಡಿಯಾಗಿ ಕೊಂಡಿದ್ದರೆ ಇಂಟೆಲ್‌ನವರನ್ನು ಕೇಳಿ, ಜೋಡಿಸಿದ ಡೆಸ್ಕ್‌ಟಾಪ್ ಕೊಂಡಿದ್ದರೆ ಅದನ್ನು ಮಾಡಿದ ಕಂಪನಿಯನ್ನು ಕೇಳಿ. ಬಯಾಸ್ ಅಪ್‌ಡೇಟ್ ಅಂತೂ ಮಾಡಿಬಿಡಿ. ಆದರೆ ಈಗಾಗಲೇ ಸವೆದದ್ದು ಅದರಿಂದ ಸರಿಹೋಗುವುದಿಲ್ಲ.

ನನ್ನ ಪಾಠ ಇಷ್ಟೇ: ಒಂದೇ ಮಾಡೆಲ್ ಇಟ್ಟುಕೊಂಡ ಬೇರೆಯವರನ್ನು ಹುಡುಕಿ. ಹತ್ತು ಜನಕ್ಕೆ ಒಂದೇ ಥರ ಕೆಟ್ಟಿದ್ದರೆ ಅದನ್ನು ಮೇಲ್‌ನಲ್ಲಿ ಹೇಳಿ. ಒಬ್ಬರಿಗೆ "ನೀವೇ ಕೆಡಿಸಿದಿರಿ" ಅನ್ನಬಹುದು, ಹತ್ತು ಜನಕ್ಕೆ ಅನ್ನುವುದು ಕಷ್ಟ.

ಸ್ಟುಟ್‌ಗಾರ್ಟ್ ಕನ್ನಡತಿ

ಜರ್ಮನಿಯಲ್ಲಿ ಇದ್ದರೆ ಸುಖ ಅಂತ ಅಂದುಕೊಳ್ಳಬೇಡಿ, ಇಲ್ಲೂ ಅದೇ ಯಂತ್ರದ ಧ್ವನಿ, ಅದೇ ಮ್ಯೂಸಿಕ್ಕು. ಒಂದು ವ್ಯತ್ಯಾಸ ಇದೆ. ಇಲ್ಲಿ ಹೊಸ ವಸ್ತುವಿಗೆ ಎರಡು ವರ್ಷ ಕಾನೂನಿನ ಹೊಣೆ ಮಾರಿದ ಅಂಗಡಿಯದ್ದು. ಕಂಪನಿ ಕೊಡುವ ವಾರಂಟಿ ಅದರ ಮೇಲೆ ಬೇರೆ. 2022ರಿಂದ ಮೊದಲ 12 ತಿಂಗಳಲ್ಲಿ ಕೆಟ್ಟರೆ, ಕೊಟ್ಟಾಗ ಅದು ಸರಿ ಇತ್ತು ಅಂತ ಅಂಗಡಿಯವರೇ ಸಾಬೀತು ಮಾಡಬೇಕು. ಹಾಗಾಗಿ ಕಂಪನಿಯ ಫೋನಿಗೆ ಜೋತುಬೀಳುವ ಬದಲು ಅಂಗಡಿಗೆ ಒಂದು ಪತ್ರ ಬರೆದು, ಇಂಥ ತಾರೀಖಿನೊಳಗೆ ಸರಿಮಾಡಿ ಅಂತ ಹೇಳುತ್ತೇವೆ. ಅಂಗಡಿಯವರು "ಕಂಪನಿಯನ್ನು ಕೇಳಿ" ಅಂತ ತಳ್ಳಲು ನೋಡುತ್ತಾರೆ, ನನಗೂ ಹಾಗೇ ಮಾಡಿದರು. ಪತ್ರದಲ್ಲಿ ಕಾನೂನಿನ ಹೆಸರು ಹಾಕಿದ ಮೇಲೆ ಸುಮ್ಮನಾದರು.

ಊರಿನಲ್ಲಿ ಅಪ್ಪನ ಲ್ಯಾಪ್‌ಟಾಪ್ ಕೆಟ್ಟಾಗ ಅಂಗಡಿಯವರನ್ನು ಯಾರೂ ಕೇಳುವುದೇ ಇಲ್ಲ, ಸೀದಾ ಸರ್ವಿಸ್ ಸೆಂಟರ್. ಅಲ್ಲಿನ ಕಾನೂನು ಏನು ಹೇಳುತ್ತದೆ, ಯಾರಾದರೂ ವಕೀಲರು ಇದ್ದೀರಾ?

ಎಸ್‌ಪಿ ರೋಡ್

ವಕೀಲರು ಬರುವ ತನಕ ನನ್ನದೊಂದು ಮಾತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುತ್ತೇನೆ. ಪುತ್ತೂರಿನವರ ಥರದ ಬೋರ್ಡು ನನ್ನ ಟೇಬಲ್ಲಿಗೆ ವಾರಕ್ಕೊಂದು ಬರುತ್ತದೆ. ಬಹಳ ಸಲ ಚಾರ್ಜಿಂಗ್ ಭಾಗದಲ್ಲಿ ಕರೆಂಟಿಗೆ ಸ್ವಿಚ್ ಥರ ಕೆಲಸ ಮಾಡುವ ಮಾಸ್‌ಫೆಟ್ ಅನ್ನುವ ಒಂದು ಸಣ್ಣ ಬಿಡಿಭಾಗ ಶಾರ್ಟ್ ಆಗಿರುತ್ತದೆ. ಬಿಸಿಗಾಳಿ ಕೊಟ್ಟು ತೆಗೆದು ಬೇರೆ ಹಾಕಿದರೆ ಮುಗಿಯಿತು. ಕಂಪನಿಯವರು ಇದನ್ನು ಮಾಡುವುದೇ ಇಲ್ಲ, ಅವರಿಗೆ ಇಡೀ ಬೋರ್ಡೇ ಒಂದು ಪಾರ್ಟು. ಒಂದು ಬಲ್ಬ್ ಹೋದರೆ ಮನೆಯ ವೈರಿಂಗ್ ಪೂರ್ತಿ ಕಿತ್ತು ಹಾಕುವ ಲೆಕ್ಕ.

ವಾರಂಟಿ ಇನ್ನೂ ಇದ್ದರೆ ಮಾತ್ರ ನನ್ನ ಹತ್ತಿರ ಬರಬೇಡಿ. ನಾನು ಸ್ಕ್ರೂ ಮುಟ್ಟಿದರೆ ಅವರಿಗೆ ಇನ್ನೊಂದು ನೆಪ ಸಿಗುತ್ತದೆ. ಅಮೆರಿಕದಲ್ಲಿ "ಸ್ಟಿಕರ್ ಹರಿದರೆ ವಾರಂಟಿ ಇಲ್ಲ" ಅನ್ನುವ ಕಂಪನಿಗಳಿಗೆ ಅಲ್ಲಿನ ವ್ಯಾಪಾರ ಆಯೋಗ 2018ರಲ್ಲೇ ಎಚ್ಚರಿಕೆ ಪತ್ರ ಕಳಿಸಿದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರುಮಾಡಿತು. ಕಂಪನಿಗಳ ವಾರಂಟಿ, ಸರ್ವಿಸ್ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಒಳ್ಳೆಯದೇ. ಆದರೆ ನನಗೆ ಬೇಕಾದದ್ದು ಬೋರ್ಡಿನ ಸರ್ಕ್ಯೂಟ್ ನಕ್ಷೆ. ಅದು ಇವತ್ತಿಗೂ ಕಂಪನಿಯಿಂದ ನನ್ನಂಥವರ ಕೈಗೆ ಬರುವುದಿಲ್ಲ, ಎಲ್ಲೆಲ್ಲಿಂದಲೋ ಹುಡುಕಿ ಇಟ್ಟುಕೊಳ್ಳಬೇಕು.

ಶಿರಸಿ ಡಿಟಿಪಿ

ರಾತ್ರಿಪಾಳಿ ಸರ್, ಬೆಂಚ್ ಹುಡುಗ, ಇಬ್ಬರಿಗೂ ಥ್ಯಾಂಕ್ಸ್. ವಿಡಿಯೋ ಹಾಕಿ ಮೇಲ್ ಮಾಡಿದೆ. ಮೊದಲ ಉತ್ತರ ಯಂತ್ರ ಬರೆದದ್ದು. ಅದಕ್ಕೇ ಮರು ಉತ್ತರ ಕಳಿಸಿ, ಆನ್‌ಸೈಟ್ ವಾರಂಟಿಗೆ ದುಡ್ಡು ಕೊಟ್ಟ ಬಿಲ್ಲನ್ನೂ ಹಚ್ಚಿದೆ. ಆಗ ಎಂಜಿನಿಯರನ್ನೇ ಇಲ್ಲಿಗೆ ಕಳಿಸಿದರು! ಪಿನ್‌ಕೋಡ್ ರಾತ್ರೋರಾತ್ರಿ ಎಲ್ಲಿಂದ ಹುಟ್ಟಿತೋ ದೇವರಿಗೇ ಗೊತ್ತು. ಬೋರ್ಡ್ ಬದಲಿಸಿ ಹೋದರು.

ಈಗ ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅನ್ನುತ್ತಿದೆ. ನಾನು ಯಾವತ್ತೂ ಅಂಥದ್ದು ಹಾಕಿಯೇ ಇಲ್ಲ. ಫೋನ್ ಮಾಡಿದರೆ ಮತ್ತೆ ಅದೇ ಮಂತ್ರ: ವಿಂಡೋಸ್ ಹೊಸದಾಗಿ ಹಾಕಿ.

ಬೆಂಚ್ ಹುಡುಗ

ಹಾಕಬೇಡಿ, ಹಾಕಬೇಡಿ. ಈಗಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ನಿಮ್ಮನ್ನು ಕೇಳದೆಯೂ ಡಿಸ್ಕಿಗೆ ಬೀಗ ಬಿದ್ದಿರಬಹುದು. ಅದರ ಗುರುತು ಬೋರ್ಡಿನಲ್ಲಿ ಇರುವ ಟಿಪಿಎಂ ಅನ್ನುವ ಭದ್ರತೆಯ ಭಾಗಕ್ಕೆ ಕಟ್ಟಿಕೊಂಡಿರುತ್ತದೆ. ಬೋರ್ಡ್ ಹೊಸದು, ಗುರುತು ಸಿಗಲಿಲ್ಲ, ಅದಕ್ಕೇ ಕೇಳುತ್ತಿದೆ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ಡಿವೈಸ್ ಪಟ್ಟಿಯಲ್ಲಿ ನೋಡಿ, 48 ಅಂಕಿಯ ಕೀ ಅಲ್ಲಿ ಇರುತ್ತದೆ. ಪರದೆಯಲ್ಲಿ ಕಾಣುವ ಕೀ ಐಡಿ ಜೊತೆ ತಾಳೆ ನೋಡಿ ಹೊಡೆಯಿರಿ.

ಇನ್ನೊಂದು. ಬಯಾಸ್ ತೆರೆದು, ಅಲ್ಲಿ ಕಾಣುವ ಸೀರಿಯಲ್ ನಂಬರೂ ಅಡಿಯ ಸ್ಟಿಕರಿನ ನಂಬರೂ ಒಂದೇನಾ ನೋಡಿ. ಹೊಸ ಬೋರ್ಡಿಗೆ ಹಳೇ ನಂಬರ್ ಬರೆಯುವುದು ಎಂಜಿನಿಯರ್ ಕೆಲಸ, ಅವಸರದಲ್ಲಿ ಬಿಟ್ಟುಹೋಗುತ್ತಾರೆ. ಖಾಲಿ ಇದ್ದರೆ ಇವತ್ತೇ ಮೇಲ್ ಮಾಡಿ. ಇಲ್ಲದಿದ್ದರೆ ಮುಂದಿನ ಸಲ "ಈ ಮಷೀನ್ ನಮ್ಮ ದಾಖಲೆಯಲ್ಲಿ ಇಲ್ಲ" ಅಂತಾರೆ.

ಶಿರಸಿ ಡಿಟಿಪಿ

ಕೀ ಸಿಕ್ಕಿತು, ಫೈಲೆಲ್ಲಾ ಇದೆ. ಸೀರಿಯಲ್ ನಂಬರಿನ ಜಾಗ ಖಾಲಿ. ಈಗಲೇ ಮೇಲ್ ಹಾಕುತ್ತಿದ್ದೇನೆ.

ಕೋರ್ಟ್ ರಸ್ತೆ

ನಾನು ವಕೀಲ, ಗ್ರಾಹಕರ ಕೇಸ್ ಮಾಡುತ್ತೇನೆ. ಸ್ಟುಟ್‌ಗಾರ್ಟ್ ಮೇಡಂ ಕೇಳಿದ್ದಕ್ಕೆ: ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾರಿದವರು, ತಯಾರಿಸಿದವರು, ಸರ್ವಿಸ್ ಕೊಟ್ಟವರು, ಎಲ್ಲರ ಮೇಲೂ ದೂರು ಕೊಡಬಹುದು. ನಾನು ಯಾವಾಗಲೂ ಮೂವರನ್ನೂ ಸೇರಿಸುತ್ತೇನೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲಿ, ಆಯೋಗದ ಮುಂದೆಯೇ ತೋರಿಸಲಿ.

ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಲು ಬೇರೆ ಜನ ಇರುತ್ತಾರೆ. ಪುತ್ತೂರಿನವರು ಕೇಳುತ್ತಿದ್ದ ಆ ತೀರ್ಮಾನ ಮಾಡುವ ಕೈ ಬಹಳ ಸಲ ಇಲ್ಲಿ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ ಒಂದು ನೋಟಿಸ್, ಆಮೇಲೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲೆಯಲ್ಲೇ, 5 ಲಕ್ಷದ ತನಕ ಶುಲ್ಕವೇ ಇಲ್ಲ. ವಕೀಲರು ಇಲ್ಲದೆ ನೀವೇ ವಾದ ಮಾಡಬಹುದು, ಇದು ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ ನಿಜ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲಿನಲ್ಲಿ ಹಾಕಬಹುದು.

ಬಿಲ್ಲಿನ ಕೆಳಗೆ "ದೆಹಲಿ ನ್ಯಾಯಾಲಯ ಮಾತ್ರ" ಅಂತ ಇದ್ದರೆ ಹೆದರಬೇಡಿ. ನೀವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕಿ. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತಿದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಸುಳ್ಳು ಭರವಸೆ ಕೊಡುವುದಿಲ್ಲ.

ಪುತ್ತೂರಿನವರೇ, ನೀರು ಹೋಗಿದೆ ಅಂದವರ ಹತ್ತಿರ ಅದನ್ನು ಬರವಣಿಗೆಯಲ್ಲಿ, ಫೋಟೋ ಸಮೇತ ತಗೊಳ್ಳಿ. ಜೊತೆಗೆ ಬೇರೆ ತಂತ್ರಜ್ಞರಿಂದ, ಬೋರ್ಡ್ ಬಿಚ್ಚುವ ಕೆಲಸ ಮಾಡದೆ ನೋಡಿಸಿ, ಲೆಟರ್‌ಹೆಡ್‌ನಲ್ಲಿ ಅಭಿಪ್ರಾಯ ಬರೆಸಿ. ಫೋಟೋ ಎದುರಿಗೆ ಬರೀ ನಿಮ್ಮ ಮಾತು ಇದ್ದರೆ ಸಾಲುವುದಿಲ್ಲ.

ಹುಬ್ಬಳ್ಳಿ ಟ್ಯಾಲಿ

ಸರ್, ನಮ್ಮ ಬಿಲ್ ಇರುವುದು ಆಫೀಸ್ ಹೆಸರಿನಲ್ಲಿ, ಜಿಎಸ್‌ಟಿ ನಂಬರ್ ಹಾಕಿಸಿದ್ದೇವೆ. ನಾವು ಗ್ರಾಹಕರು ಅಲ್ಲ ಅಂತ ಕಂಪನಿಯವರು ವಾದ ಮಾಡಬಹುದಾ?

ಕೋರ್ಟ್ ರಸ್ತೆ

ಮಾಡುತ್ತಾರೆ ಮೇಡಂ, ಅದೇ ಅವರ ಮೊದಲ ವಾದ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು, ತಾವೇ ಬಳಸುವವರಿಗೆ ಅದರಲ್ಲೇ ವಿನಾಯಿತಿ ಇದೆ. ಶಿರಸಿಯವರದ್ದು ಒಬ್ಬರೇ ನಡೆಸುವ ಡಿಟಿಪಿ ಅಂಗಡಿ, ಅವರು ಅದರೊಳಗೆ ಬರುತ್ತಾರೆ ಅಂತ ವಾದಿಸಬಹುದು. ಸಿಬ್ಬಂದಿ ಇಟ್ಟುಕೊಂಡು ನಡೆಸುವ ಆಫೀಸಿನ ಮಷೀನ್ ಆದರೆ ಜಗಳ ಗಟ್ಟಿಯಾಗುತ್ತದೆ, ನಿಮ್ಮದು ಆ ಕಡೆ ವಾಲುತ್ತದೆ. ನೀವು 1915ರಲ್ಲಿ ಪ್ರಯತ್ನ ಮಾಡಿ, ಆ ಚಾಟ್ ಪ್ರತಿಯನ್ನೂ ಹಚ್ಚಿ. ಮುಂದಿನ ಸಲ ಆಫೀಸಿಗೆ ತಗೊಳ್ಳುವಾಗ ಹಾರ್ಡ್‌ಡಿಸ್ಕ್ ನಿಮ್ಮಲ್ಲೇ ಉಳಿಸಿಕೊಳ್ಳುವ ಆಯ್ಕೆ ಇದೆಯಾ ಅಂತ ಕೇಳಿ. ಕೆಲವು ಕಂಪನಿಗಳು ಅದನ್ನು ಬೇರೆ ದುಡ್ಡಿಗೆ ಕೊಡುತ್ತವೆ. ಗಿರಾಕಿಗಳ ಲೆಕ್ಕಪತ್ರ ಇರುವ ಡಿಸ್ಕನ್ನು ಕೆಟ್ಟ ಪಾರ್ಟ್ ಅಂತ ಗೋಡೌನಿಗೆ ಕಳಿಸುವುದು ಬೇಡ.